ಅಣ್ಣ ತುಂಬಿಟ್ಟ ಬ್ಯಾಟರಿ

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿದ್ದ ಗುರುಗಳನ್ನು ಎಲ್ಲರೂ ಅಜ್ಜ ಎಂದೇ ಕರೆಯುತ್ತಿದ್ದರು.

ಆ ಆಶ್ರಮದಲ್ಲಿ ಒಂದು ಪದ್ಧತಿಯಿತ್ತು. ಹೊತ್ತು ಮುಳುಗುವಾಗ ಎಲ್ಲ ಪಾತ್ರೆಗಳನ್ನೂ ಬರಿದು ಮಾಡಿ ಕಟ್ಟೆಯ ಮೇಲೆ ಬೋರಲು ಹಾಕಬೇಕು. ಉಳಿದ ನೀರು ಗಿಡಕ್ಕೆ, ಉಳಿದ ಅನ್ನ ನಾಯಿಗೆ, ಉಳಿದ ಮಜ್ಜಿಗೆ ದಾರಿಯಲ್ಲಿ ಹೋಗುವವರಿಗೆ. ಬೆಳಿಗ್ಗೆ ಮತ್ತೆ ತುಂಬಿಕೊಂಡರಾಯಿತು.

ಅಲ್ಲಿಗೆ ಒಂದು ದಿನ ಸೋಮನಿಂಗ ಬಂದ. ಹೆಗಲ ಮೇಲೆ ಹಳೆಯ ಧೋತರದಲ್ಲಿ ಸುತ್ತಿದ ಗಂಟು.

"ಏನೈತಿ ಅದರಾಗ?" ಎಂದು ಅಜ್ಜ ಕೇಳಿದರು.

"ಬ್ಯಾಟರಿ ಐತ್ರಿ."

"ಬ್ಯಾಟರಿಯೊಳಗ?"

ಸೋಮನಿಂಗ ಗಂಟನ್ನು ಹೆಗಲ ಮೇಲೆ ಸರಿಪಡಿಸಿಕೊಂಡ. "ನಮ್ಮಣ್ಣ ತುಂಬಿದ್ದು ಐತ್ರಿ."

ಅಜ್ಜ ಅವನ ಮುಖ ನೋಡಿದರು. "ಭಾಳ ಭಾರ ಕಾಣ್ತೈತಿ. ಮದಲ ಕೆಳಗಿಡು. ಉಣ್ಣು."

ಸೋಮನಿಂಗನ ಅಣ್ಣ ಭರಮಪ್ಪ. ಬಸ್ ನಿಲ್ದಾಣದ ಪಕ್ಕದಲ್ಲಿ ಅವನದೊಂದು ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ. ತಮ್ಮನೂ ಅಲ್ಲೇ ಅವನ ಜೊತೆ ಕೆಲಸ ಮಾಡುತ್ತ ಬೆಳೆದವನು.

ಬ್ಯಾಟರಿ ತುಂಬಿದ ಮೇಲೆ ಭರಮಪ್ಪ ಅದರ ನೆತ್ತಿಯ ಮೇಲೆ ಸೀಮೆಸುಣ್ಣದಿಂದ ಒಂದು ಸೊನ್ನೆ ಸುತ್ತುತ್ತಿದ್ದ. ಸೊನ್ನೆ ಇದ್ದರೆ ತುಂಬಿದೆ ಎಂದು ಲೆಕ್ಕ.

"ಸೊನ್ನೆ ಅಂದ್ರ ಖಾಲಿ ಅಲ್ಲೇನೋ ಭರಮ್ಯಾ?" ಎಂದು ಗಿರಾಕಿಗಳು ನಗುತ್ತಿದ್ದರು.

"ತುಂಬಿದ ಹೊಟ್ಟಿ ದುಂಡಗ ಇರತೈತಿ," ಎನ್ನುತ್ತಿದ್ದ ಭರಮಪ್ಪ.

ಬ್ಯಾಟರಿಗೆ ಏನನ್ನಾದರೂ ಜೋಡಿಸುವ ಮೊದಲು ಆ ಸೊನ್ನೆಯನ್ನು ಹೆಬ್ಬೆರಳಿನಿಂದ ಒರೆಸಬೇಕು. ಇಲ್ಲದಿದ್ದರೆ ಬಳಸಿದ್ದು ಯಾವುದು, ತುಂಬಿದ್ದು ಯಾವುದು ತಿಳಿಯುವುದಿಲ್ಲ. ಅಂಗಡಿಯಲ್ಲಿ ಇದ್ದದ್ದು ಅದೊಂದೇ ಕಟ್ಟುನಿಟ್ಟು.

ಬೇಸಿಗೆಯಲ್ಲಿ ಬಂದ ಜ್ವರ ಭರಮಪ್ಪನನ್ನು ಕರೆದುಕೊಂಡು ಹೋಯಿತು. ಅಂಗಡಿಯಲ್ಲಿದ್ದ ಬ್ಯಾಟರಿಗಳನ್ನು ಅವುಗಳ ಮಂದಿ ಬಂದು ಒಯ್ದರು. ಅಣ್ಣನ ಸ್ವಂತದ್ದು ಒಂದು ಉಳಿಯಿತು. ಜ್ವರ ಹಿಡಿಯುವ ಮುನ್ನಾದಿನ ಅವನೇ ತುಂಬಿ, ಅವನೇ ಸೊನ್ನೆ ಸುತ್ತಿ ಇಟ್ಟದ್ದು.

ಆಮೇಲೆ ಸೋಮನಿಂಗ ಅದಕ್ಕೆ ಒಂದು ದೀಪವನ್ನೂ ಜೋಡಿಸಿರಲಿಲ್ಲ.

ಆಶ್ರಮದಲ್ಲಿ ಅಡಿಗೆಯ ಜವಾಬ್ದಾರಿ ಹೊನ್ನವ್ವನದು. ಅಜ್ಜನಿಗಿಂತ ನಾಲ್ಕೈದು ವರ್ಷ ಚಿಕ್ಕವಳು, ಅಜ್ಜನಿಗಿಂತ ದೊಡ್ಡ ದನಿಯವಳು. ಒಂದು ಸಂಜೆ ಪಾತ್ರೆಗಳನ್ನು ಬೋರಲು ಹಾಕುತ್ತ ಅವಳು ಸೋಮನಿಂಗನ ಮೂಲೆಯಲ್ಲಿದ್ದ ಗಂಟನ್ನು ತೋರಿಸಿದಳು.

"ಅದೊಂದು ತುಂಬೇ ಐತಲ್ಲೋ ತಮ್ಮಾ. ಅದನ್ನೂ ತಂದು ಬೋರಲು ಹಾಕು."

"ಬೋರಲು ಹಾಕಿದ್ರ ಆಸಿಡ್ ಚೆಲ್ಲತೈತಿ, ಎವ್ವಾ."

"ಅಜ್ಜಾರ, ಕೇಳಿದ್ರೇನು? ನಿಮ್ಮ ಪದ್ಧತಿಗೆ ಒಂದು ಜ್ವಾಕಿ ಸಾಮಾನು ಬಂದೈತಿ."

ಅಜ್ಜ ಕಟ್ಟೆಯ ಮೇಲಿನ ಪಾತ್ರೆಗಳ ಬೆನ್ನನ್ನು ಒಂದೊಂದಾಗಿ ಮುಟ್ಟಿ ನೋಡುತ್ತ ಬಂದರು. ಸೋಮನಿಂಗನ ಮೂಲೆಯ ತನಕ ಬಂದು, ಗಂಟಿನ ಮೇಲೆ ಸರಿದಿದ್ದ ಧೋತರದ ಅಂಚನ್ನು ಸರಿಯಾಗಿ ಹೊದಿಸಿ, ಒಳಗೆ ಹೋದರು.

ಸೋಮನಿಂಗನಿಗೆ ಒಂದು ಸಂಕಟವಿತ್ತು. ಬ್ಯಾಟರಿಯನ್ನು ಬಳಸಿದರೆ ಅಣ್ಣ ತುಂಬಿದ್ದು ಮುಗಿಯುತ್ತದೆ. ಬಳಸದೆ ಇಟ್ಟರೂ ಅದು ತಾನಾಗಿಯೇ ದಿನದಿನಕ್ಕೆ ಇಳಿಯುತ್ತ ಹೋಗುತ್ತದೆ. ಅಂಗಡಿಯಲ್ಲಿ ಬೆಳೆದವನಿಗೆ ಇದನ್ನು ಯಾರೂ ಹೇಳಬೇಕಾಗಿರಲಿಲ್ಲ. ಹೊರಗಿನ ಕರೆಂಟು ಹಾಕಿ ತುಂಬಿದರೆ ಅದು ಅಣ್ಣನದಲ್ಲ.

ಅವನಿಗೆ ಬೇರೊಂದು ದಾರಿ ಬೇಕಿತ್ತು. ಒಂದು ಬೆಳಿಗ್ಗೆ ಅಜ್ಜನ ಮುಂದೆ ಬಂದು ಕುಳಿತ.

"ಅಜ್ಜಾರ, ಒಂದು ಗಾಲಿ ಮಾಡಬೇಕಂತೀನ್ರಿ."

"ಎಲ್ಲಿಗೆ ಹೋಗಾಕ?"

"ಎಲ್ಲಿಗೂ ಹೋಗಂಗಿಲ್ರಿ. ಇದ್ದಲ್ಲೇ ತಿರಗತೈತಿ."

"ಇಲ್ಲಿರೋರೆಲ್ಲ ಅದನ್ನ ಮಾಡಾಕತ್ತೀವಿ," ಎಂದಳು ಒಳಗಿನಿಂದ ಹೊನ್ನವ್ವ.

ಸೋಮನಿಂಗ ನೆಲದ ಮೇಲೆ ಬೆರಳಿನಿಂದ ಬರೆದು ತೋರಿಸಿದ. "ಇದು ಸೈಕಲ್ ಗಾಲಿ. ಸುತ್ತ ಹಳೆ ಸ್ಪೀಕರಿನ ಮ್ಯಾಗ್ನೆಟ್. ಬದಿಗೆ ತಾಮ್ರದ ತಂತಿ ಸುತ್ತಿದ ಕಾಯಿಲ್. ಮ್ಯಾಗ್ನೆಟ್ ಕಾಯಿಲಿನ ಹಂತೇಲಿ ಬಂದಾಗ ಕರೆಂಟ್ ಹರಿದು ಒಮ್ಮೆ ನೂಕತೈತಿ. ನೂಕಿ ತಕ್ಷಣ ನಿಲ್ಲತೈತಿ. ನಾಡಿ ಬಡಿದಂಗ. ಇದಕ್ಕ ಪಲ್ಸ್ ಮೋಟಾರ್ ಅಂತಾರ್ರಿ."

"ಅಷ್ಟ ಏನು?"

"ಇಲ್ರಿ. ಒಂದು ಬ್ಯಾಟರಿ ಗಾಲಿ ತಿರುಗಸತೈತಿ. ಆ ಗಾಲಿ ಇನ್ನೊಂದು ಬ್ಯಾಟರಿ ತುಂಬತೈತಿ. ಆಮ್ಯಾಲೆ ಅದಲು ಬದಲು. ತುಂಬಿದ್ದು ತಿರುಗಸತೈತಿ, ತಿರುಗಿಸಿದ್ದು ತುಂಬಕೋತೈತಿ. ಹಿಂಗ ನಡದ್ರ ಎಂದೂ ಮುಗಿಯಂಗಿಲ್ರಿ."

"ಏನು ಮುಗಿಯಂಗಿಲ್ಲ?"

ಸೋಮನಿಂಗ ತಾನು ಬರೆದದ್ದನ್ನೇ ನೋಡುತ್ತ ಕುಳಿತ.

ಅಜ್ಜ ಎರಡನೆಯ ಸಲ ಕೇಳಲಿಲ್ಲ. "ಅಡಿಗಿಮನಿ ಹಿಂದ ನನ್ನ ಸೈಕಲ್ ಬಿದ್ದೈತಿ. ಮುಂದಿನ ಗಾಲಿ ಬಿಚ್ಚಿಕೋ."

"ನಿಮಗ ಬೇಕಾಗಂಗಿಲ್ಲೇನ್ರಿ?"

"ಈಗ ನಾನೂ ಇದ್ದಲ್ಲೇ ತಿರಗತೀನಿ."

ಗಾಲಿ ಸಿದ್ಧವಾಯಿತು. ಆಶ್ರಮದಲ್ಲಿ ಸೋಲಾರ್ ಪ್ಲೇಟಿನಿಂದ ತುಂಬುವ ಎರಡು ಬ್ಯಾಟರಿಗಳಿದ್ದವು. ಒಂದು ಅಡಿಗೆಮನೆಯ ದೀಪಕ್ಕೆ. ಇನ್ನೊಂದು ಹೊಳೆಗೆ ಇಳಿಯುವ ಪಾವಟಿಗೆಯ ಬಳಿ ಇದ್ದ ಕಂಬದ ದೀಪಕ್ಕೆ. ಕತ್ತಲಾದ ಮೇಲೆ ಹರಿಗೋಲಿನಲ್ಲಿ ಬರುವವರಿಗೆ ಪಾವಟಿಗೆ ಎಲ್ಲಿದೆ ಎಂದು ಹೇಳುತ್ತಿದ್ದುದು ಆ ದೀಪವೇ. ಅದರ ಕೆಳಗಡೆಯೆಲ್ಲ ಬಂಡೆಗಳು.

ಸೋಮನಿಂಗ ಹಗಲಿನಲ್ಲಿ ಆ ಎರಡನ್ನೂ ತಂದು ಗಾಲಿಗೆ ಜೋಡಿಸಿ ನೋಡುತ್ತಿದ್ದ. ಅಣ್ಣನ ಬ್ಯಾಟರಿಯನ್ನು ಮುಟ್ಟಲಿಲ್ಲ. ತೆಗೆದುಕೊಂಡಷ್ಟನ್ನೂ ಈ ಗಾಲಿ ಹಿಂದಿರುಗಿಸುತ್ತದೆ ಎಂದು ಖಾತ್ರಿಯಾದ ಮೇಲೆಯೇ ಅದನ್ನು ಜೋಡಿಸುವುದು.

ಮೊದಲ ದಿನ ಸಂಜೆಯೇ ಅವನು ಮೀಟರ್ ಹಿಡಿದುಕೊಂಡು ಅಜ್ಜನ ಬಳಿ ಓಡಿ ಬಂದ.

"ಅಜ್ಜಾರ, ತುಂಬೇತ್ರಿ! ಇಷ್ಟು ಬೇಗ ತುಂಬೇತ್ರಿ! ಮೀಟರಿನಾಗ ಮುಳ್ಳು ನೋಡ್ರಿ, ಎಷ್ಟು ಮ್ಯಾಲೆ ಏರೇತಿ!"

"ನನಗ ಅದು ತಿಳಿಯಂಗಿಲ್ಲ. ದೀಪ ಹಚ್ಚು."

ಸೋಮನಿಂಗ ದೀಪ ಹಚ್ಚಿದ. ಚೆನ್ನಾಗಿ ಬೆಳಗಿತು. ಅಜ್ಜ ಅದರ ಮುಂದೆ ಕುಳಿತು ಹೂವು ಕಟ್ಟತೊಡಗಿದರು. ಮಾಲೆ ಒಂದು ಗೇಣು ಬರುವಷ್ಟರಲ್ಲಿ ದೀಪ ಹಳದಿಯಾಯಿತು. ಇನ್ನೊಂದು ಗೇಣಿಗೆ ಆರಿತು.

"ಮುಳ್ಳು ಮ್ಯಾಲೇ ಇತ್ತಲ್ರಿ," ಎಂದ ಸೋಮನಿಂಗ.

"ನಿನ್ನ ಮೀಟರು ಕೇಳಿದ್ದು, ಹೆಂಗಿದ್ದೀ ಅಂತ. ಆರಾಮ ಅಂತ ಹೇಳೇತಿ ಬ್ಯಾಟರಿ." ಅಜ್ಜ ಮಾಲೆಯನ್ನು ಕತ್ತಲಲ್ಲೇ ಗಂಟು ಹಾಕಿದರು. "ನಿನ್ನನ್ನ ಕೇಳಿದ್ರೂ ನೀ ಹಂಗ ಹೇಳತಿ."

ಸೋಮನಿಂಗ ಮೀಟರನ್ನು ಒಳಗಿಟ್ಟ. ಅಂದಿನಿಂದ ದೀಪ ಹಚ್ಚಿಯೇ ನೋಡತೊಡಗಿದ.

ಮತ್ತೊಂದು ದಿನ ಕಾಯಿಲಿನ ತಂತಿಗಳನ್ನು ಎರಡು ಕೈಯಲ್ಲಿ ಹಿಡಿದು ಬ್ಯಾಟರಿಗೆ ಒತ್ತಿ ಪರೀಕ್ಷಿಸುತ್ತಿದ್ದ. ಅಜ್ಜ ಪಕ್ಕದಲ್ಲಿ ಕುಳಿತು ಅವರೆ ಸುಲಿಯುತ್ತಿದ್ದರು. ಸೋಮನಿಂಗ ಒಮ್ಮೆಲೇ ಹಾಂ ಎಂದು ಕೈ ಕೊಡವಿದ.

"ಏನಾತೋ?"

"ಹೊಡೀತ್ರಿ ಅಜ್ಜಾರ. ಮೊಣಕೈ ತನಕ ಜುಂ ಅಂತು."

"ಹಿಡಿದಾಗ ಹೊಡೀತೇನು?"

"ಇಲ್ರಿ. ಹಿಡಕೊಂಡಷ್ಟು ಹೊತ್ತು ಏನೂ ಇಲ್ರಿ. ಬ್ಯಾಟರಿಯಿಂದ ತೆಗೆಯೋಣ ಅಂತ ಬಿಟ್ಟೆ. ಬಿಟ್ಟ ಕೂಡಲೇ ಹೊಡೀತು."

"ಮತ್ತ ಆ ಇನ್ನೊಂದು ಬ್ಯಾಟರಿ, ಅದು ತುಂಬೋದು ಯಾವಾಗ?"

"ಅದೂ ಆಗ್ಲೇ ರೀ. ಕಾಯಿಲಿನಾಗ ಕರೆಂಟ್ ಹರಿಯೋವಾಗ ಅದಕ್ಕ ಏನೂ ಸಿಗಂಗಿಲ್ಲ. ಕರೆಂಟ್ ಕಡೀತಲ್ಲ, ಆ ಕ್ಷಣಕ್ಕ ಕಾಯಿಲು ತನ್ನ ಹೊಟ್ಟ್ಯಾಗಿಂದೆಲ್ಲ ಒಗದುಬಿಡತೈತಿ. ಒಗದಿದ್ದು ಆ ಕಡೆ ಬ್ಯಾಟರಿಗೆ ಹೋಗತೈತಿ."

"ಹೌದಾ?" ಅಜ್ಜ ಅವರೆಕಾಯಿ ಕೆಳಗಿಟ್ಟು ಕಾಯಿಲನ್ನು ಬಹಳ ಹೊತ್ತು ನೋಡಿದರು, ಮನೆಗೆ ಬಂದ ನೆಂಟರ ಮಗುವನ್ನು ನೋಡುವಂತೆ. "ಇನ್ನೊಮ್ಮೆ ಹೇಳು. ಯಾವಾಗ ಕೊಡತೈತಿ?"

"ಬಿಟ್ಟಾಗ್ರಿ," ಎಂದ ಸೋಮನಿಂಗ. ಹೇಳಿದ ಮೇಲೆ ಅವನು ಯಾಕೋ ತಲೆ ತಗ್ಗಿಸಿ ಮೊಣಕೈ ತಿಕ್ಕಿಕೊಂಡ.

ಅಜ್ಜ ಸುಲಿದ ಕಾಳನ್ನು ಅವನ ಕಡೆ ಸರಿಸಿದರು. "ಕೈ ಸರಿ ಆಗೋತನ ಇದನ್ನ ಆರಿಸು. ಇದು ಹೊಡಿಯಂಗಿಲ್ಲ."

ಗಾಲಿ ಚೆನ್ನಾಗಿ ತಿರುಗುತ್ತಿತ್ತು. ಆದರೆ ಪ್ರತಿ ಅದಲು ಬದಲಿಗೂ ದೀಪ ಮೊದಲಿಗಿಂತ ಬೇಗ ಆರುತ್ತಿತ್ತು. ಸೋಮನಿಂಗ ಬೇರಿಂಗಿಗೆ ಎಣ್ಣೆ ಬಿಟ್ಟ. ದಪ್ಪ ತಂತಿ ಹಾಕಿದ. ಕಾಯಿಲನ್ನು ಬಿಚ್ಚಿ ಮತ್ತೆ ಸುತ್ತಿದ. ಕೊರತೆ ಕಡಿಮೆಯಾಯಿತು. ಇಲ್ಲವಾಗಲಿಲ್ಲ.

ಹೊನ್ನವ್ವ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಹಗಲೆಲ್ಲ ತಿರಗತೈತಿ, ಏನು ಬಂತೋ? ಇದಕ್ಕೊಂದು ಬೀಸುಕಲ್ಲು ಕಟ್ಟು. ಹಿಟ್ಟು ಬೀಸಿಸಾಕ ನಾ ಹೊಳಿ ದಾಟೋದಾದ್ರೂ ತಪ್ಪಲಿ."

"ಬೀಸುಕಲ್ಲು ಕಟ್ಟಿದ್ರ ಇದು ನಿಲ್ಲತೈತಿ, ಎವ್ವಾ."

"ಹಂಗಾರ ನನ್ನಷ್ಟೂ ಗಟ್ಟಿ ಇಲ್ಲ ಬಿಡು."

ಬಿಸಿಲಿನ ಹೊತ್ತು. ಅಜ್ಜ ಗಾಲಿಯ ತೀರ ಹತ್ತಿರ ಮಣೆ ಹಾಕಿಕೊಂಡು, ಮೇಲುವಸ್ತ್ರ ತೆಗೆದು, ಕಣ್ಣು ಮುಚ್ಚಿ ಕುಳಿತಿದ್ದರು.

"ಅಜ್ಜಾರ," ಎಂದ ಸೋಮನಿಂಗ. "ಇಲ್ಲಿಂದ ಹೋಗೋದಷ್ಟೂ ಅಲ್ಲಿ ಸೇರವಲ್ದು. ನಡುವೆ ಎಲ್ಲಿ ಕಳೀತೈತಿ ಅಂತ ಹುಡುಕಿ ಹುಡುಕಿ ಸಾಕಾತ್ರಿ. ಅದೊಂದು ಸಿಕ್ರ ಸಾಕು. ಅದನ್ನ ಮುಚ್ಚಿಬಿಡತೀನಿ."

"ಕಳದಿಲ್ಲ."

"ಮತ್ತ ಎಲ್ಲಿ ಹೋತ್ರಿ?"

"ನನ್ನ ಮೈಯಾಗ ಎಷ್ಟು ಬೆವರಿತ್ತು, ನೋಡಿದಿಲ್ಲ?" ಅಜ್ಜ ಕಣ್ಣು ತೆರೆಯದೆ ಬೆನ್ನು ತಿರುಗಿಸಿ ತೋರಿಸಿದರು. "ಈಗ ಮುಟ್ಟಿ ನೋಡು."

ಸೋಮನಿಂಗ ಮುಟ್ಟಿದ. ಗಾಲಿಯ ಗಾಳಿಗೆ ಬೆನ್ನು ತಣ್ಣಗಿತ್ತು.

"ಇದನ್ನ ಮುಚ್ಚಬ್ಯಾಡಪಾ," ಎಂದರು ಅಜ್ಜ.

ಆದರೆ ಸೋಮನಿಂಗ ಬಿಡಲಿಲ್ಲ.

ಮೇಲೆಲ್ಲೋ ಮಳೆಯಾಗಿ ಹೊಳೆ ಏರಿತು. ಆಶ್ರಮದ ಮೇಲೂ ಮೋಡ ಕವಿದು ಸೋಲಾರ್ ಪ್ಲೇಟಿಗೆ ಬಿಸಿಲು ಸಿಗದಾಯಿತು. ಅಂಥ ದಿನಗಳಲ್ಲೂ ಅವನು ಎರಡೂ ಬ್ಯಾಟರಿಗಳನ್ನು ಗಾಲಿಗೆ ಹಚ್ಚಿ ಕುಳಿತ. ಇನ್ನೊಂದು ಸಲ, ಇನ್ನೊಂದೇ ಸಲ ಎಂದುಕೊಳ್ಳುತ್ತ, ಇದ್ದದ್ದನ್ನೂ ಗಾಲಿಗೆ ತಿನ್ನಿಸಿದ.

ಒಂದು ಮಧ್ಯಾಹ್ನ ಹೊನ್ನವ್ವ ಜೋಳದ ಚೀಲ ಹೊತ್ತು ಆಚೆ ದಂಡೆಯ ಗಿರಣಿಗೆ ಹೋದಳು. ಅಂಬಿಗರ ಯಮನೂರಪ್ಪ ಹರಿಗೋಲಿನಲ್ಲಿ ಕರೆದುಕೊಂಡು ಹೋದ. "ಹೊತ್ತು ಮುಳುಗೋದರಾಗ ಬರತೀವಿ," ಎಂದಿದ್ದ.

ಹೊತ್ತು ಮುಳುಗಿತು. ಅವರು ಬರಲಿಲ್ಲ. ಮೋಡದಿಂದಾಗಿ ಕತ್ತಲೆ ಬೇಗನೆ ಇಳಿಯಿತು.

ಸೋಮನಿಂಗ ಬ್ಯಾಟರಿ ಹೊತ್ತು ಹೋಗಿ ಕಂಬದ ದೀಪ ಹಚ್ಚಿದ. ಬಲ್ಬಿನ ಒಳಗಿನ ತಂತಿ ಒಂದು ಕ್ಷಣ ಕೆಂಪಗಾಗಿ ಆರಿತು. ಓಡಿ ಹೋಗಿ ಅಡಿಗೆಮನೆಯ ಬ್ಯಾಟರಿ ತಂದ. ಅದು ಕೆಂಪಗೂ ಆಗಲಿಲ್ಲ.

ಆಗ ನೀರಿನ ಸದ್ದಿನ ನಡುವೆ ಯಮನೂರಪ್ಪನ ಕೂಗು ಕೇಳಿಸಿತು.

"ದೀಪಾ! ಯಾರದೀರಿ ಅಲ್ಲೆ? ದೀಪಾ ಹಚ್ಚರಿ!"

ಸೋಮನಿಂಗ ಅಜ್ಜನ ಬಳಿ ಓಡಿದ. ಹೊನ್ನವ್ವ ಇಲ್ಲದ್ದರಿಂದ ಅಜ್ಜನೇ ಪಾತ್ರೆಗಳನ್ನು ಬೋರಲು ಹಾಕುತ್ತಿದ್ದರು.

"ಅಜ್ಜಾರ, ಹರಿಗೋಲು ನಡುಹೊಳ್ಯಾಗ ಐತ್ರಿ. ಎರಡೂ ಬ್ಯಾಟರಿ ಖಾಲಿ ಅದಾವ. ನಾನ ಖಾಲಿ ಮಾಡೀನಿ."

"ಹೂಂ."

"ಇನ್ನೊಂದು... ಇನ್ನೊಂದು ಐತ್ರಿ."

ಅಜ್ಜ ಕೈಯಲ್ಲಿದ್ದ ಕೊಡದ ನೀರನ್ನು ತುಳಸಿಗೆ ಸುರಿದರು. ಕೊಡವನ್ನು ಕಟ್ಟೆಯ ಮೇಲೆ ಬೋರಲು ಇಟ್ಟರು.

"ನನ್ನ ಪಾತ್ರಿ ಎಲ್ಲಾ ಮುಗದುವಪಾ," ಎಂದರು.

ಸೋಮನಿಂಗ ಮೂಲೆಯಿಂದ ಗಂಟನ್ನು ಹೆಗಲಿಗೇರಿಸಿಕೊಂಡು ಪಾವಟಿಗೆಗೆ ಬಂದ. ಧೋತರ ಬಿಚ್ಚಿದ. ಆ ಮಬ್ಬಿನಲ್ಲೂ ಸೀಮೆಸುಣ್ಣದ ಸೊನ್ನೆ ಬೆಳ್ಳಗೆ ಕಂಡಿತು. ಅಣ್ಣ ಸುತ್ತುವಾಗ ಕೊನೆಗೆ ಕೈ ಎತ್ತುವ ಕಡೆ ಬಾಲದಂತೆ ಒಂದು ಗೆರೆ ಬರುತ್ತಿತ್ತು. ಅದೂ ಹಾಗೇ ಇತ್ತು.

ತಂತಿ ಕೈಗೆ ತೆಗೆದುಕೊಂಡ. ಅಂಗಡಿಯ ರೂಢಿ ಕೈಯಲ್ಲಿ ಉಳಿದಿತ್ತು. ಹೆಬ್ಬೆರಳು ತಾನಾಗಿಯೇ ಸೊನ್ನೆಯ ಮೇಲೆ ಹೋಗಿ ನಿಂತಿತು.

"ದೀಪಾ!" ಈ ಸಲ ಕೂಗಿದ್ದು ಹೊನ್ನವ್ವ. ಆ ದೊಡ್ಡ ದನಿ ಸಣ್ಣದಾಗಿ ಕೇಳಿಸಿತು.

ಸೋಮನಿಂಗ ಒರೆಸಿದ.

ದೀಪ ಹತ್ತಿತು.

ಬೆಳಕು ಪಾವಟಿಗೆಯ ಮೇಲೆ, ನೀರಿನ ಅಂಚಿನ ಮೇಲೆ, ಕೆಳಗಿನ ಬಂಡೆಗಳ ಮೇಲೆ ಬಿತ್ತು. ಹರಿಗೋಲು ಆಗಲೇ ಬಂಡೆಗಳ ಕಡೆಗೆ ವಾಲಿತ್ತು. ಯಮನೂರಪ್ಪ ಹುಟ್ಟು ಹಾಕುತ್ತ ಅದನ್ನು ಅಂಗುಲ ಅಂಗುಲವಾಗಿ ಈಚೆಗೆ ತಿರುಗಿಸಿದ. ಸೋಮನಿಂಗ ಎದೆಮಟ್ಟ ನೀರಿಗಿಳಿದು ಹಗ್ಗ ಹಿಡಿದುಕೊಂಡ.

ಹೊನ್ನವ್ವ ಹಿಟ್ಟಿನ ಚೀಲವನ್ನು ತಲೆಯ ಮೇಲೆ ಹಿಡಿದುಕೊಂಡೇ ಇಳಿದಳು. ಮೈಯೆಲ್ಲ ತೊಯ್ದಿತ್ತು. ಹಿಟ್ಟು ತೊಯ್ದಿರಲಿಲ್ಲ.

ಮೆಟ್ಟಿಲ ಮೇಲೆ ಕುಳಿತು ಉಸಿರು ತೆಗೆದುಕೊಂಡ ಮೇಲೆ ಅವಳು ಕಂಬ ನೋಡಿದಳು. "ಬಿಸಿಲು ಕಂಡು ಎಷ್ಟು ದಿನಾತು. ಇದು ಯಾರ ಬ್ಯಾಟರಿಯೋ?"

"ಅಣ್ಣಂದು."

ಹೊನ್ನವ್ವ ಹಿಟ್ಟು ಹತ್ತಿದ ಅಂಗೈಯಿಂದ ಅವನ ಗದ್ದ ಹಿಡಿದಳು. "ಇವತ್ತು ಅವನ ಪಾಲಿನ ರೊಟ್ಟೀನೂ ನೀನ ತಿನ್ನಬೇಕು. ಬ್ಯಾಡ ಅಂದ್ರ ನಾ ಕೇಳಂಗಿಲ್ಲ."

ಅವಳು ಮೇಲೆ ಹೋದಳು. ಯಮನೂರಪ್ಪ ಹರಿಗೋಲನ್ನು ಬೆನ್ನ ಮೇಲೆ ಹೊತ್ತು ತನ್ನ ಮನೆಯ ಕಡೆ ನಡೆದ. ಸೋಮನಿಂಗ ದೀಪದ ಕೆಳಗೇ ಕುಳಿತ. ಅಜ್ಜ ಬಂದು ಪಕ್ಕದಲ್ಲಿ ಕುಳಿತರು.

ಹುಳುಗಳು ಬಂದು ದೀಪವನ್ನು ಸುತ್ತುತ್ತಿದ್ದವು.

ಬೆಳಕು ಹಳದಿಯಾಗುತ್ತ ಬಂತು. ಬ್ಯಾಟರಿಯನ್ನು ಕೊನೆಯ ತನಕ ಹಿಂಡಬಾರದು, ಹಿಂಡಿದರೆ ಅದು ಮತ್ತೆ ತುಂಬಿಕೊಳ್ಳುವುದಿಲ್ಲ ಎಂದು ಅಣ್ಣ ಹೇಳಿಕೊಟ್ಟಿದ್ದ. ಸೋಮನಿಂಗ ತಾನೇ ಎದ್ದು ತಂತಿ ಬಿಡಿಸಿದ. ಮೇಲೆ ಅಡಿಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿಸುತ್ತಿತ್ತು.

ಕೆಲವು ದಿನಗಳಲ್ಲಿ ಮೋಡ ಹರಿಯಿತು. ಬಿಸಿಲು ಬಂತು. ಸೋಲಾರ್ ಪ್ಲೇಟು ಆಶ್ರಮದ ಬ್ಯಾಟರಿಗಳನ್ನು ತುಂಬಿತು.

ಸೋಮನಿಂಗ ಗಾಲಿಯನ್ನು ಅಂಗಳಕ್ಕೆ ತಂದು ನಿಲ್ಲಿಸಿದ. ತಿರುಗಿಸುವ ಕಡೆ ಅಡಿಗೆಮನೆಯ ಬ್ಯಾಟರಿ ಜೋಡಿಸಿದ. ತುಂಬಿಕೊಳ್ಳುವ ಕಡೆ ಅಣ್ಣನದನ್ನು ಇಟ್ಟ. ಗಾಲಿಯನ್ನು ಕೈಯಿಂದ ಒಮ್ಮೆ ತಳ್ಳಿದ. ಅದು ತಡೆದು, ಹಿಡಿದು, ಬಿಟ್ಟು, ಓಡತೊಡಗಿತು.

"ಅಲ್ಲೋ, ಅದನ್ನೂ ನೆಟ್ಟಗ ಪ್ಲೇಟಿಗೇ ಹಚ್ಚಿದ್ರ ಬೇಗ ತುಂಬತಿತ್ತಲ್ಲ?" ಎಂದಳು ಹೊನ್ನವ್ವ.

"ತುಂಬತಿತ್ತು, ಎವ್ವಾ."

"ಮತ್ತ?"

ಸೋಮನಿಂಗ ಅಂಗಳದ ಆಚೆ ನೋಡಿದ. ಬೆವರಿದ್ದ ಅಜ್ಜ ಮಣೆ ಹಿಡಿದುಕೊಂಡು ಬರುತ್ತಿದ್ದರು. ಹೊನ್ನವ್ವ ನಕ್ಕು ಒಳಗೆ ಹೋದಳು.

ಅಜ್ಜ ಗಾಲಿಯ ಹತ್ತಿರ ಮಣೆ ಹಾಕಿ, ಮೇಲುವಸ್ತ್ರ ತೆಗೆದು, ಕಣ್ಣು ಮುಚ್ಚಿದರು.

ಸೋಮನಿಂಗ ಬ್ಯಾಟರಿಯ ನೆತ್ತಿಯನ್ನು ನೋಡುತ್ತ ನಿಂತಿದ್ದ. ಅಲ್ಲಿ ಹೆಬ್ಬೆರಳಿನ ಗುರುತು ಮಾತ್ರ ಇತ್ತು.

"ಅಜ್ಜಾರ," ಎಂದ. "ಅಣ್ಣ ತುಂಬಿದ್ದು ಮುಗೀತ್ರಿ. ಇನ್ನ ಇದರಾಗ ಅವಂದು ಏನೂ ಉಳಿದಿಲ್ಲ."

ಅಜ್ಜ ಕಣ್ಣು ತೆರೆಯಲಿಲ್ಲ. ಮಣೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದರು.

"ಗಾಳಿ ಬರಾಕತ್ತೈತಿ. ಈ ಕಡೆ ಬಂದು ಕುಂದ್ರು."